ಲೆಕ್ಕಕ್ಕುಂಟು, ಆಟಕ್ಕಿಲ್ಲ: ಹದಿನೈದು ಅಂಕ ಪಡೆದ ಒಂದು ಲೇಖನದ ಪ್ರಕರಣ

2012ರ ಡಿಸೆಂಬರಿನಲ್ಲಿ ಅಂಚೆಯಲ್ಲಿ ಬಂದ ಆ ಸಂಚಿಕೆಯನ್ನು ಅಧ್ಯಾಪಕರ ಕೊಠಡಿಯಲ್ಲಿ ಕುಳಿತೇ ಬಿಚ್ಚಿದೆ. ನುಣುಪಾದ ಹೊದಿಕೆ, ಅದರ ಮೇಲೊಂದು ಭೂಗೋಳದ ಚಿತ್ರ. ಹೆಸರಿನ ತಲೆಯಲ್ಲಿ ‘ಇಂಟರ್‌ನ್ಯಾಷನಲ್’, ಬಾಲದಲ್ಲಿ ‘ಮಲ್ಟಿಡಿಸಿಪ್ಲಿನರಿ’. ನನ್ನ ಲೇಖನ 41ನೆಯ ಪುಟದಿಂದ 46ರವರೆಗೆ ಇತ್ತು. ಅದರ ಹಿಂದಿನದು ಹಾಲು ಶೀತಲೀಕರಣ ಘಟಕದ ಬಗ್ಗೆ, ಮುಂದಿನದು ಸಹಕಾರಿ ಬ್ಯಾಂಕುಗಳ ವಸೂಲಾಗದ ಸಾಲದ ಬಗ್ಗೆ. ನಡುವೆ ನನ್ನದು: ಬೀಸುವ ಪದಗಳಲ್ಲಿ ತವರಿನ ಕಲ್ಪನೆ.

ಮೊದಲ ಎರಡು ಪುಟ ಚೆನ್ನಾಗಿಯೇ ಇದ್ದವು. ಮೂರನೆಯದನ್ನು ತಿರುಗಿಸಿದರೆ ಕನ್ನಡವೇ ಮಾಯ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏನಾಗುತ್ತದೆಂದು ಕನ್ನಡದಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ತಲೆಯ ಮೇಲೆ ಸೊಟ್ಟ ಗೆರೆ ಹೊತ್ತ ರೋಮನ್ ಅಕ್ಷರಗಳು ಸಾಲುಗಟ್ಟುತ್ತವೆ. ‘ನ’ ಇರಬೇಕಾದ ಕಡೆಯೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ ಕೂರುತ್ತದೆ. ನಾಲ್ಕು ಪುಟಗಳ ತುಂಬ ಹೀಗೇ. ಹಳ್ಳಿಯ ಮುದುಕಿಯೊಬ್ಬರು ಬೀಸುಕಲ್ಲಿನ ಎದುರು ಕುಳಿತು ನನಗಾಗಿ ಹಾಡಿದ ತ್ರಿಪದಿಗಳು ಪೌಂಡು, ಅಲ್ಪವಿರಾಮ, ಸೊಟ್ಟ ಗೆರೆಗಳಾಗಿ ಅಚ್ಚಾಗಿದ್ದವು.

ಸಂಪಾದಕರಿಗೆ ಸಿಟ್ಟಿನಿಂದ ಪತ್ರ ಬರೆಯಲು ಕುಳಿತೆ. ಪಕ್ಕದ ಕುರ್ಚಿಯ ವಾಣಿಜ್ಯಶಾಸ್ತ್ರದ ಮೇಷ್ಟ್ರು ಪುಟ ತಿರುಗಿಸಿ ನೋಡಿ, “ತಲೆಬರಹ ಸರಿಯಿದೆ, ನಿಮ್ಮ ಹೆಸರು ಸರಿಯಿದೆ, ಐಎಸ್‌ಎಸ್‌ಎನ್ ಇದೆ. ಇನ್ನೇನು ಬೇಕು?” ಎಂದರು. ಐಎಸ್‌ಎಸ್‌ಎನ್ ಎಂದರೆ ಪತ್ರಿಕೆಯನ್ನು ಗುರುತಿಸುವ ಸಂಖ್ಯೆ. ಪತ್ರವನ್ನು ನಾನು ಪೂರ್ತಿ ಮಾಡಲಿಲ್ಲ.

ಆ ಲೇಖನಕ್ಕೆ ನನಗೆ 15 ಅಂಕ ಬಂದವು. ನನ್ನ ಬಡ್ತಿಯೂ ಆಯಿತು. ಈ ಬರಹ ಆ 15 ಅಂಕಗಳ ಪ್ರಕರಣ. ಇದರಲ್ಲಿ ನಾನೂ ಆರೋಪಿಯೇ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಹನ್ನೆರಡು ಅಂಕಗಳ ಕೊರತೆ

2010ರ ಜೂನ್ 30ರಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಹೊಸ ನಿಯಮಾವಳಿಯನ್ನು ಹೊರಡಿಸಿತು. ಅದರ ಮೂರನೆಯ ಅನುಬಂಧದಲ್ಲಿ ಒಂದು ಕೋಷ್ಟಕವಿತ್ತು. ಎಪಿಐ ಎಂಬ ಮೂರಕ್ಷರ ನಮ್ಮ ಬಾಯಿಗೆ ಬಂದದ್ದು ಅಲ್ಲಿಂದ. ಶೈಕ್ಷಣಿಕ ಸಾಧನೆಯ ಸೂಚ್ಯಂಕ ಎಂದು ಅದರ ಅರ್ಥ. ಅಧ್ಯಾಪಕನ ಕೆಲಸವನ್ನು ಮೂರು ವರ್ಗಗಳಾಗಿ ಒಡೆದಿದ್ದರು. ಮೊದಲನೆಯದು ಪಾಠ, ಪರೀಕ್ಷೆ, ಮೌಲ್ಯಮಾಪನ: ವರ್ಷಕ್ಕೆ ಗರಿಷ್ಠ 125, ಕನಿಷ್ಠ 75. ಎರಡನೆಯದು ಪಠ್ಯೇತರ ಚಟುವಟಿಕೆ: ಗರಿಷ್ಠ 50, ಕನಿಷ್ಠ 15. ಮೂರನೆಯದು ಸಂಶೋಧನೆ.

ಮೊದಲೆರಡು ವರ್ಗಗಳಲ್ಲಿ ಸೋತವರನ್ನು ನಾನು ಕಂಡಿಲ್ಲ. ಅಂಕ ಹಾಕಿಕೊಳ್ಳುವವರು ನಾವೇ. ಪಾಠ ಹೇಳಿದ್ದಕ್ಕಾಗಿ ಆ ವರ್ಷ ನಾನು ನನಗೇ 112 ಕೊಟ್ಟುಕೊಂಡೆ. 125 ಹಾಕಿಕೊಳ್ಳಲು ಸಂಕೋಚವಾಯಿತು, 100 ಹಾಕಿದರೆ ಪೆದ್ದನೆನ್ನುತ್ತಾರೆ. ತರಗತಿಯಲ್ಲಿ ನಾನು ಏನು ಹೇಳಿದೆ, ಹುಡುಗರಿಗೆ ಅದರಲ್ಲಿ ಎಷ್ಟು ದಕ್ಕಿತು ಎಂಬುದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ. ಹಂಚಿಕೆಯಾದ ತರಗತಿಗಳಲ್ಲಿ ಶೇಕಡ ಎಷ್ಟನ್ನು ತೆಗೆದುಕೊಂಡೆ ಎಂಬುದಕ್ಕೆ ಇತ್ತು.

ಹಾಗಾಗಿ ಆಟವೆಲ್ಲ ಮೂರನೆಯ ವರ್ಗದಲ್ಲಿ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಎರಡನೆಯ ಹಂತದಿಂದ ಮೂರನೆಯದಕ್ಕೆ ಏರಲು ಐದು ವರ್ಷಗಳ ಅವಧಿಗೆ 50 ಅಂಕ ತೋರಿಸಬೇಕಿತ್ತು. ನನ್ನ ಲೆಕ್ಕ ಹೀಗಿತ್ತು: ಮೂರು ವಾರಗಳ ಪುನಶ್ಚೇತನ ಶಿಬಿರಕ್ಕೆ 20, ಎರಡು ರಾಷ್ಟ್ರೀಯ ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಓದಿದ್ದಕ್ಕೆ ಏಳೂವರೆಯಂತೆ 15, ಪಕ್ಕದೂರಿನ ಕಾಲೇಜಿನಲ್ಲಿ ಓದಿದ ಇನ್ನೊಂದಕ್ಕೆ 3. ಒಟ್ಟು 38. ಕೊರತೆ 12.

ಇನ್ನು ಉಳಿದ ದಾರಿ ಲೇಖನ. ಐಎಸ್‌ಎಸ್‌ಎನ್ ಇರುವ, ಆದರೆ ವಿಷಯತಜ್ಞರ ಪರಿಶೀಲನೆ ಇಲ್ಲದ ಪತ್ರಿಕೆಯಲ್ಲಿ ಬರೆದರೆ 10. ಅದನ್ನು ಸೇರಿಸಿದರೆ 48, ದಡದ ಹತ್ತಿರ ಬಂದು ಮುಳುಗಿದ ಹಾಗೆ. ಪರಿಶೀಲನೆ ಇರುವ ಪತ್ರಿಕೆಯಾದರೆ 15, ಒಟ್ಟು 53. ಎರಡರ ನಡುವಿನ ಐದು ಅಂಕಗಳ ಬೆಲೆ ಹೊದಿಕೆಯ ಮೇಲೆ ಅಚ್ಚಾದ ‘ರೆಫರೀಡ್’ ಎಂಬ ಒಂದೇ ಪದ. ಪರಿಶೀಲನೆ ನಿಜವಾಗಿ ನಡೆಯುತ್ತದೆಯೇ ಎಂದು ನೋಡುವವರು ಯಾರೂ ಇರಲಿಲ್ಲ. ಆ ಪದ ಇದೆಯೇ ಎಂದು ನೋಡುವವರು ಇದ್ದರು.

ಪತ್ರಿಕೆ ಸಿಗುವುದು ಕಷ್ಟವಾಗಲಿಲ್ಲ. ಅಂಥ ಪತ್ರಿಕೆಗಳ ಮಿಂಚಂಚೆ ದಿನಕ್ಕೆ ಮೂರು ಬರುತ್ತಿದ್ದವು. ಒಂದಕ್ಕೆ ಲೇಖನ ಕಳಿಸಿದೆ. ಮೂರನೆಯ ದಿನ ಸ್ವೀಕೃತಿ ಪತ್ರ ಬಂತು. ಪರಿಶೀಲಕರ ಅಭಿಪ್ರಾಯವನ್ನೂ ಲಗತ್ತಿಸಿದ್ದರು: ಲೇಖನ ಅತ್ಯುತ್ತಮವಾಗಿದೆ, ಪುಟದ ಅಂಚನ್ನು ಒಂದು ಇಂಚಿಗೆ ಸರಿಪಡಿಸಿ. ಬ್ಯಾಂಕ್ ಖಾತೆಯ ಸಂಖ್ಯೆ ಕೊಟ್ಟು 1,800 ರೂಪಾಯಿ ಕಳಿಸಲು ಹೇಳಿದ್ದರು. ಕಳಿಸಿದೆ. ಕಳಿಸುವಾಗ ನನಗೆ ಅಷ್ಟೇನೂ ನಾಚಿಕೆಯಾಗಲಿಲ್ಲ ಎಂಬುದೇ ಈಗ ನಾಚಿಕೆಯ ವಿಷಯ.

ಒಂದು ಕಾರ್ಡು

ಅದೇ ಐದು ವರ್ಷಗಳ ಅವಧಿಯಲ್ಲಿ ನಾನು ಇನ್ನೊಂದು ಲೇಖನವನ್ನೂ ಬರೆದಿದ್ದೆ. ಕನ್ನಡದ ಒಂದು ಸಾಹಿತ್ಯ ತ್ರೈಮಾಸಿಕಕ್ಕೆ ಅದನ್ನು ಕಳಿಸಿ ಎರಡು ತಿಂಗಳಾದ ಮೇಲೆ ಸಂಪಾದಕರಿಂದ ಒಂದು ಕಾರ್ಡು ಬಂತು. ಇರುವೆಯಂಥ ಅಕ್ಷರಗಳಲ್ಲಿ, ಅಂಚಿನವರೆಗೂ ಬರೆದಿದ್ದರು. ಆರು ಆಕ್ಷೇಪಣೆಗಳು. ನಾಲ್ಕನೆಯದು ಇನ್ನೂ ನೆನಪಿದೆ: “ಈ ತ್ರಿಪದಿಯ ಮೂರನೆಯ ಸಾಲನ್ನು ನೀವು ಕೇಳಿದ್ದೋ, ಎಲ್ಲಾದರೂ ಓದಿದ್ದೋ? ಹಾಡುವ ಬಾಯಿಯಲ್ಲಿ ಹೀಗೆ ಬರಲಾರದು.” ಅವರ ಮಾತು ನಿಜ. ನಾನು ಮುದ್ರಿತ ಸಂಕಲನವೊಂದರಿಂದ ಎತ್ತಿಕೊಂಡಿದ್ದೆ, ಸಂಪಾದಿಸಿದವರು ಛಂದಸ್ಸಿಗೆ ಹೊಂದಲೆಂದು ಸಾಲನ್ನು ತಿದ್ದಿದ್ದರು. ಮತ್ತೆ ಆ ಹಳ್ಳಿಗೆ ಹೋದೆ. ಮುದುಕಿ ನಕ್ಕರು. ನಾನು ಓದಿ ಹೇಳಿದ ಸಾಲಿಗೆ ಬೀಸುಕಲ್ಲು ತಿರುಗುವುದೇ ಇಲ್ಲ ಎಂದರು. ಕೈ ತಿರುಗುವ ಲಯಕ್ಕೂ ಸಾಲು ಮುರಿಯುವ ಜಾಗಕ್ಕೂ ಇರುವ ಸಂಬಂಧ ನನಗೆ ತಿಳಿದದ್ದು ಆಗ. ಲೇಖನವನ್ನು ಎರಡು ಸಲ ತಿದ್ದಿ ಬರೆದೆ. ಅದು ಅಚ್ಚಾಗುವ ಹೊತ್ತಿಗೆ ಹದಿಮೂರು ತಿಂಗಳು ಕಳೆದಿದ್ದವು.

ಆ ತ್ರೈಮಾಸಿಕಕ್ಕೆ ಐಎಸ್‌ಎಸ್‌ಎನ್ ಇರಲಿಲ್ಲ. ಹಾಗಾಗಿ ಅಂಕ ಸೊನ್ನೆ.

ವಿಷಯ ತಿಳಿದವರೊಬ್ಬರು ಲೇಖನವನ್ನು ಕೂತು ಓದಿ ತಪ್ಪು ಹಿಡಿಯುವುದಕ್ಕೇ ತಜ್ಞರ ಪರಿಶೀಲನೆ ಎನ್ನುವುದಾದರೆ, ಅದು ಆ ಕಾರ್ಡಿನಲ್ಲಿತ್ತು. ಹೊದಿಕೆಯ ಮೇಲೆ ‘ರೆಫರೀಡ್’ ಎಂದು ಬರೆದಿರಲಿಲ್ಲ, ಅಷ್ಟೆ.

ಐಎಸ್‌ಎಸ್‌ಎನ್ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅದು ತಾಮ್ರಪಟದಂತೆ ಆಗಿಹೋಗಿದೆ. ಅದು ಎಂಟು ಸ್ಥಾನಗಳ ಒಂದು ಸಂಖ್ಯೆ. ನಿಯತಕಾಲಿಕಗಳನ್ನು ಗ್ರಂಥಾಲಯಗಳು ಒಂದರಿಂದ ಒಂದನ್ನು ಬೇರೆಮಾಡಿ ಗುರುತಿಸಲೆಂದು ಮಾಡಿದ ಏರ್ಪಾಡು. ಅದರ ಅಂತರರಾಷ್ಟ್ರೀಯ ಕೇಂದ್ರ ಪ್ಯಾರಿಸಿನಲ್ಲಿದೆ, ಭಾರತದ ಕೇಂದ್ರ ದೆಹಲಿಯಲ್ಲಿ. ಅರ್ಜಿ ಹಾಕಿದರೆ ಪತ್ರಿಕೆಗೆ ಸಂಖ್ಯೆ ಸಿಗುತ್ತದೆ, ಬೈಸಿಕಲ್ಲಿಗೆ ಬಿಲ್ಲೆ ಸಿಕ್ಕ ಹಾಗೆ. ಬಿಲ್ಲೆ ನೋಡಿ ಬೈಸಿಕಲ್ಲು ಎಷ್ಟು ಚೆನ್ನಾಗಿ ಓಡುತ್ತದೆಂದು ಹೇಳಲಾಗದು. ಗಮ್ಮತ್ತೆಂದರೆ ಆ ಸಂಖ್ಯೆ ತನ್ನ ತಪ್ಪನ್ನು ತಾನೇ ಹಿಡಿಯಬಲ್ಲದು. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆದರೆ ಎಂಟನೆಯ ಅಂಕಿ ಬರಬೇಕು. ಒಂದು ಅಂಕಿ ತಪ್ಪಿದರೂ ಗೊತ್ತಾಗಿಬಿಡುತ್ತದೆ. ನನ್ನ ಸಂಚಿಕೆಯ ಸಂಖ್ಯೆಯನ್ನು ಒಂದು ಮಧ್ಯಾಹ್ನ ಹೀಗೆ ತಾಳೆ ನೋಡಿದೆ. ಸರಿಯಾಗಿತ್ತು. ಕೆಳಗಿನ ನಾಲ್ಕು ಪುಟಗಳಲ್ಲಿ ಒಂದಕ್ಷರವೂ ಸರಿಯಿರಲಿಲ್ಲ.

ಕಡತ ಮೇಜು ದಾಟಿದ ಬಗೆ

2013ರ ಫೆಬ್ರವರಿಯಲ್ಲಿ ಕಡತ ಸಿದ್ಧವಾಯಿತು. ಎರಡು ಸಂಪುಟ, ಸುರುಳಿ ಬೈಂಡಿಂಗ್, ಬಣ್ಣದ ಪಟ್ಟಿಗಳು. ಹಾಜರಾತಿ ಪ್ರಮಾಣಪತ್ರ, ಪರೀಕ್ಷಾ ಮೇಲ್ವಿಚಾರಣೆಯ ಆದೇಶ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದ ಛಾಯಾಚಿತ್ರ, ಗಿಡ ನೆಟ್ಟದ್ದಕ್ಕೆ ಪ್ರಾಂಶುಪಾಲರ ಒಕ್ಕಣೆ.

ಕಚೇರಿಯ ಸೂಪರಿಂಟೆಂಡೆಂಟರು ಪರಿಶೀಲನೆಗೆ ಕುಳಿತರು. ಅವರನ್ನು ನಾನು ಗೇಲಿ ಮಾಡಲಾರೆ. ಅಷ್ಟು ಶ್ರದ್ಧೆಯಿಂದ ಕೆಲಸ ಮಾಡುವವರನ್ನು ನೋಡಿದ್ದು ಕಡಿಮೆ. ಪ್ರತಿ ಪುಟದಲ್ಲೂ ನನ್ನ ಸಹಿ ಇದೆಯೇ, ಪ್ರಾಂಶುಪಾಲರ ಮುದ್ರೆ ಇದೆಯೇ, ಪುಟಸಂಖ್ಯೆ ಪರಿವಿಡಿಗೆ ಹೊಂದುತ್ತದೆಯೇ ಎಂದು ಬೆರಳಿಟ್ಟು ನೋಡಿದರು. ನನ್ನ ಲೇಖನದ ಪುಟಗಳು ಬಂದವು. ಆರನ್ನೂ ತಿರುಗಿಸಿದರು. 43ನೆಯ ಪುಟದಲ್ಲಿ ಅವರ ಬೆರಳು ನಿಂತಿತು. ನನ್ನ ಎದೆ ಹೊಡೆದುಕೊಂಡಿತು. “ಇಲ್ಲಿ ಸಹಿ ಬಿಟ್ಟುಹೋಗಿದೆ” ಎಂದರು. ಪೌಂಡಿನ ಚಿಹ್ನೆಗಳ ಕೆಳಗೆ ಸಹಿ ಮಾಡಿದೆ. ಹೊದಿಕೆಯ ನಕಲಿನಲ್ಲಿ ಐಎಸ್‌ಎಸ್‌ಎನ್ ಇರುವ ಜಾಗಕ್ಕೆ ಅವರು ಹಳದಿ ಶಾಯಿ ಬಳಿದು ಮುಂದಿನ ಕಡತಕ್ಕೆ ಹೋದರು.

ಮುಂದೆ ಸಮಿತಿ. ಒಂದೇ ಬೆಳಗಿನಲ್ಲಿ ಹನ್ನೊಂದು ಕಡತ ಮುಗಿಯಬೇಕಿತ್ತು. ಅದರಲ್ಲಿದ್ದ ಕನ್ನಡದ ಹಿರಿಯರು ಜಾನಪದದಲ್ಲಿ ನಿಜವಾದ ವಿದ್ವಾಂಸರು, ಓದಲು ಕೊಟ್ಟಿದ್ದರೆ ನನ್ನ ಲೇಖನವನ್ನು ಐದು ನಿಮಿಷದಲ್ಲಿ ತಿರಸ್ಕರಿಸುತ್ತಿದ್ದರು. ಅವರ ಮುಂದೆ ಇದ್ದದ್ದು ಒಂದು ಪುಟದ ಅಂಕಪಟ್ಟಿ. ಸಂಪುಟಗಳು ಪಕ್ಕದ ಮೇಜಿನ ಮೇಲಿದ್ದವು. “53 ಇದೆಯಲ್ಲ, ಸರಿ” ಎಂದರು. ಹೊರಡುವಾಗ, ಯಾವ ಕಡೆಯ ಬೀಸುವ ಪದಗಳ ಮೇಲೆ ಕೆಲಸ ಮಾಡಿದ್ದೀರಿ ಎಂದು ಪ್ರೀತಿಯಿಂದ ಕೇಳಿದರು. ಚಹಾದ ಲೋಟ ಕೈಯಲ್ಲಿ ಹಿಡಿದು ನಿಂತು ಹತ್ತು ನಿಮಿಷ ಮಾತಾಡಿದೆವು. ಆ ಹತ್ತು ನಿಮಿಷ ದಾಖಲೆಯಲ್ಲಿಲ್ಲ.

ವಿಚಾರ ಸಂಕಿರಣಗಳ ಕಥೆ ಬೇರೆಯೇ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಎರಡನೆಯ ದಿನದ ಸಮಾನಾಂತರ ಗೋಷ್ಠಿಯಲ್ಲಿ ಹದಿನಾಲ್ಕು ಮಂದಿ ಪ್ರಬಂಧ ಓದುತ್ತಾರೆ, ಕೇಳುವವರೂ ಆ ಹದಿನಾಲ್ಕು ಮಂದಿಯೇ. ತನ್ನದು ಓದಿದವನು ಬಸ್ಸಿಗೆ ಹೊರಡುವುದರಿಂದ ಹದಿನಾಲ್ಕನೆಯವನು ಅಧ್ಯಕ್ಷರಿಗೆ ಮಾತ್ರ ಓದುತ್ತಾನೆ. ಬಸ್ಸಿಗೆ ಓಡುವವರನ್ನು ಹಿಡಿದಿಡಲು ಸಂಘಟಕರು ಪ್ರಮಾಣಪತ್ರವನ್ನು ಕೊನೆಯಲ್ಲಿ ಹಂಚತೊಡಗಿದರು. ಆಗ ಒಬ್ಬರ ಪ್ರಮಾಣಪತ್ರವನ್ನು ಇನ್ನೊಬ್ಬರು ತೆಗೆದುಕೊಂಡು ಬರುವ ಪದ್ಧತಿ ಶುರುವಾಯಿತು. ಯುಜಿಸಿಯ ಕೋಷ್ಟಕದ ಕೆಳಗೆ ಒಂದು ಟಿಪ್ಪಣಿ ಇತ್ತು: ಸಂಕಿರಣದಲ್ಲಿ ಓದಿದ ಪ್ರಬಂಧ ನಡಾವಳಿಯಲ್ಲಿ ಅಚ್ಚಾದರೆ ಪ್ರಕಟಣೆಯ ಅಂಕ ಮಾತ್ರ, ಓದಿದ್ದಕ್ಕೆ ಬೇರೆ ಅಂಕವಿಲ್ಲ. ಜಾಣ ನಿಯಮ. ಅದಕ್ಕಿಂತ ಜಾಣರು ಅಚ್ಚಿಗೆ ಕೊಡುವಾಗ ತಲೆಬರಹ ಬದಲಿಸಿದರು.

ಇನ್ನೊಂದು ಜಾಣ ನಿಯಮ ಜಂಟಿ ಲೇಖನದ್ದು. ಪ್ರಧಾನ ಲೇಖಕರ ಪಾಲು ಶೇಕಡ 60, ಉಳಿದವರದು 40. ಹೆಸರು ಸೇರಿಸಿಕೊಳ್ಳುವ ಚಾಳಿಗೆ ಇದು ಕಡಿವಾಣವಾಗಬೇಕಿತ್ತು. ಇಬ್ಬರು ಗೆಳೆಯರು ತಲಾ ಒಂದು ಬರೆದು ಪರಸ್ಪರ ಹೆಸರು ಸೇರಿಸಿದರೆ ಪ್ರತಿಯೊಬ್ಬನಿಗೂ 9 ಮತ್ತು 6, ಕೂಡಿದರೆ ಅದೇ 15. ಲಾಭವಿಲ್ಲ ಎಂದು ಕಾಣುತ್ತದೆ. ಆದರೆ ಪ್ರಕಟಣೆಗಳ ಸಂಖ್ಯೆ ಒಂದರ ಬದಲು ಎರಡಾಯಿತು, ಮತ್ತು ಮುಂದಿನ ಹಂತದ ಬಡ್ತಿಗೆ ಕನಿಷ್ಠ ಮೂರು ಪ್ರಕಟಣೆ ಎಂಬ ಬೇರೊಂದು ಷರತ್ತು ಇತ್ತು. ಈ ಗಣಿತವನ್ನು ನನಗೆ ವಿವರಿಸಿದವರು ಗಣಿತದವರಲ್ಲ, ಇತಿಹಾಸದವರು.

ನನ್ನೊಬ್ಬನ ಕಥೆಯಲ್ಲ

ನನ್ನದು ಹಳ್ಳಿಗಾಡಿನ ಸಣ್ಣ ಕಳ್ಳತನ ಎಂದುಕೊಂಡಿದ್ದೆ. 2013ರ ಅಕ್ಟೋಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರ ವರದಿ ಬಂತು. ಕಲ್ಲುಹೂವಿನಿಂದ ತೆಗೆದ ಒಂದು ಅಣು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂದು ಹೇಳುವ ನಕಲಿ ಲೇಖನವೊಂದನ್ನು ಅವರು ಸೃಷ್ಟಿಸಿದ್ದರು. ವಿಷಯ ಬಲ್ಲವರು ಓದಿದರೆ ತಪ್ಪು ಕಣ್ಣಿಗೆ ಹೊಡೆಯುವಂತೆ ಬೇಕೆಂದೇ ಬರೆದದ್ದು. ಅದನ್ನು 304 ಪತ್ರಿಕೆಗಳಿಗೆ ಕಳಿಸಿದರು, 157 ಒಪ್ಪಿಕೊಂಡವು. 2015ರಲ್ಲಿ ಹೆಲ್ಸಿಂಕಿಯ ಇಬ್ಬರು ಸಂಶೋಧಕರು ಇಂಥ ಕೊಳ್ಳೆ ಪತ್ರಿಕೆಗಳ ಲೆಕ್ಕ ತೆಗೆದರು. ಅವುಗಳಲ್ಲಿ ಅಚ್ಚಾದ ಲೇಖನಗಳು 2010ರಲ್ಲಿ ಸುಮಾರು 53,000 ಇದ್ದದ್ದು 2014ಕ್ಕೆ ಸುಮಾರು 4,20,000 ಆಗಿದ್ದವು. ಬರೆದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಭಾರತದವರು. ಆ ವರ್ಷಗಳನ್ನು ಇನ್ನೊಮ್ಮೆ ನೋಡಿ. ನಮ್ಮ ಕೋಷ್ಟಕ ಬಂದದ್ದು 2010ರಲ್ಲಿ. ಎಲ್ಲದಕ್ಕೂ ಅದೇ ಕಾರಣವೆನ್ನಲಾರೆ, ಆದರೆ ನನ್ನ 1,800 ರೂಪಾಯಿಗೆ ಅದೇ ಕಾರಣ.

ಸಂಶೋಧನಾ ವಿದ್ಯಾರ್ಥಿಗಳ ಪಾಡೂ ಅದೇ. 2009ರ ನಿಯಮದಂತೆ ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಬೇಕಿತ್ತು, ಅದಕ್ಕೆ ಪುರಾವೆಯಾಗಿ ಸ್ವೀಕೃತಿ ಪತ್ರ ಸಾಕಿತ್ತು. ಲೇಖನ ಅಚ್ಚಾಗುವುದೂ ಬೇಡ, ಅಚ್ಚು ಮಾಡುತ್ತೇವೆಂಬ ಕಾಗದ ಸಾಕು. ಆ ಷರತ್ತು ಹೋದದ್ದು 2022ರ ನವೆಂಬರಿನಲ್ಲಿ.

ರೋಗ ಗೊತ್ತಾದ ಮೇಲೆ ಔಷಧಿಗಳು ಬಂದವು. 2013ರ ಜೂನ್‌ನಲ್ಲಿ ತಿದ್ದುಪಡಿ ಮಾಡಿ, ಒಂದೇ ಬಗೆಯ ಕೆಲಸದಿಂದ ಅಂಕದ ಚೀಲ ತುಂಬದಂತೆ ಮಿತಿ ಹಾಕಿದರು: ಲೇಖನಗಳಿಗೆ ಶೇಕಡ 30, ಪುಸ್ತಕಗಳಿಗೆ 25, ಯೋಜನೆಗಳಿಗೆ 20, ಮಾರ್ಗದರ್ಶನಕ್ಕೆ 10, ತರಬೇತಿ ಮತ್ತು ಸಂಕಿರಣಕ್ಕೆ 15. ಅಲ್ಲಿಗೆ ಒಂದು ಕಡೆ ಮಾಡುತ್ತಿದ್ದುದನ್ನು ಐದು ಕಡೆ ಮಾಡಬೇಕಾಯಿತು. ಪುಸ್ತಕದ ಕಾಲಂ ತುಂಬಲೆಂದು ನಮ್ಮ ತಾಲ್ಲೂಕಿನ ಮುದ್ರಣಾಲಯಗಳು ಎಂ.ಎ. ಟಿಪ್ಪಣಿಗಳನ್ನು ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆ ಹಾಕಿ ಅಚ್ಚು ಹಾಕಿದವು.

2017ರ ಜನವರಿಯಲ್ಲಿ ಯುಜಿಸಿ ತನ್ನ ಮಾನ್ಯತೆಯ ಪತ್ರಿಕೆಗಳ ಪಟ್ಟಿಯನ್ನೇ ಪ್ರಕಟಿಸಿತು, ಮೂವತ್ತು ಸಾವಿರಕ್ಕೂ ಹೆಚ್ಚು ಹೆಸರುಗಳು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ ಪತ್ರಿಕೆಗಳಿಗೂ ಅದರಲ್ಲಿ ಜಾಗವಿತ್ತು. ನಮ್ಮ ಪೌಂಡಿನ ಪತ್ರಿಕೆಯೂ ಆ ಬಾಗಿಲಿನಿಂದ ಒಳಗೆ ಬಂತು. ಮರುವರ್ಷದ ಮಾರ್ಚ್‌ನಲ್ಲಿ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ‘ಕರೆಂಟ್ ಸೈನ್ಸ್’ನಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಆ ಶಿಫಾರಸಿನ ಭಾಗದಿಂದ 1,009 ಪತ್ರಿಕೆಗಳನ್ನು ಎತ್ತಿಕೊಂಡು ನೋಡಿದ್ದರು. ಶೇಕಡ 88ಕ್ಕೂ ಹೆಚ್ಚು ಕಳಪೆಯವಾಗಿರಬಹುದು ಎಂಬುದು ಅವರ ತೀರ್ಮಾನ. ಕೆಲವಕ್ಕೆ ವಿಳಾಸವೇ ಇರಲಿಲ್ಲ, ಕೆಲವಕ್ಕೆ ಸಂಪಾದಕರ ಹೆಸರಿರಲಿಲ್ಲ, ಕೆಲವದರ ಐಎಸ್‌ಎಸ್‌ಎನ್ ಸಹ ಸುಳ್ಳು. ಎಂಟು ಅಂಕಿಯ ಆ ಗುಣಾಕಾರವನ್ನೂ ಯಾರೂ ಮಾಡಿರಲಿಲ್ಲ ಎಂದಾಯಿತು. 2018ರ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ನಮ್ಮದೂ ಹೋಯಿತು. ನನ್ನ ಬಡ್ತಿ ಉಳಿಯಿತು.

ಸಾಗರದಾಚೆ ಇದಕ್ಕೆ ದಂಡವೂ ಬಿತ್ತು. ಹೈದರಾಬಾದ್ ಮೂಲದ ಓಮಿಕ್ಸ್ ಪ್ರಕಾಶನ ಸಂಸ್ಥೆ ಲೇಖಕರನ್ನು ದಾರಿ ತಪ್ಪಿಸಿತೆಂದು ಅಮೆರಿಕದ ವ್ಯಾಪಾರ ಆಯೋಗ ಹೂಡಿದ ಮೊಕದ್ದಮೆಯಲ್ಲಿ 2019ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಐದು ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ಕಟ್ಟಲು ಆದೇಶಿಸಿತು. ಲೇಖಕರನ್ನು ಬಲಿಪಶು ಎಂದು ಆ ಮೊಕದ್ದಮೆ ಕಂಡಿತು. ನಾನು ಬಲಿಪಶುವೇನೂ ಆಗಿರಲಿಲ್ಲ. ಗಿರಾಕಿಯಾಗಿದ್ದೆ.

ರಟ್ಟಿನ ಪೆಟ್ಟಿಗೆಗಳು

ನಮ್ಮ ವಿಭಾಗದಲ್ಲಿ ನನಗಿಂತ ಹಿರಿಯರೊಬ್ಬರಿದ್ದರು. ಎಂಟು ವರ್ಷಗಳ ಕಾಲ ಬೇಸಾಯದ ಮಾತುಗಳನ್ನು ಕೂಡಿಹಾಕಿದ್ದರು. ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಗಳಲ್ಲಿ ಕೈಬರಹದ ಚೀಟಿಗಳು: ಮೇಳಿ, ಈಚು, ಗುಳ, ಮಿಣಿ, ನೊಗ, ಕುಂಟೆ, ಕೂರಿಗೆ. ಪ್ರತಿ ಚೀಟಿಯಲ್ಲಿ ಯಾವ ಊರು, ಯಾರು ಹೇಳಿದರು, ಪಕ್ಕದ ಊರಿನಲ್ಲಿ ಅದಕ್ಕೇ ಏನೆನ್ನುತ್ತಾರೆ. ಕೆಲವು ಚೀಟಿಗಳ ಹಿಂದೆ ಪೆನ್ಸಿಲಿನ ಚಿತ್ರ. ಟ್ರ್ಯಾಕ್ಟರು ಬಂದ ಮೇಲೆ ನೇಗಿಲು ಅಟ್ಟ ಸೇರಿತು, ಮಾತುಗಳು ಅದರ ಜೊತೆ ಅಟ್ಟ ಹತ್ತಿದವು. ಅವರು ಅಟ್ಟ ಹತ್ತಿ ಇಳಿಸಿಕೊಂಡು ಬರುತ್ತಿದ್ದರು.

ಎಪಿಐ ಕೋಷ್ಟಕದಲ್ಲಿ ಅವರ ಪೆಟ್ಟಿಗೆಗೆ ಕಾಲಂ ಇರಲಿಲ್ಲ. ಮುಗಿದ ಪುಸ್ತಕಕ್ಕೆ ಅಂಕವುಂಟು, ಮುಗಿಯದ ಕೆಲಸಕ್ಕಿಲ್ಲ. ನಿಘಂಟಿನ ಕೆಲಸ ಐದು ವರ್ಷಗಳ ಮೌಲ್ಯಮಾಪನ ಅವಧಿಯ ಮಾತು ಕೇಳುವುದಿಲ್ಲ. ಕಿರಿಯರೆಲ್ಲ ಒಬ್ಬೊಬ್ಬರಾಗಿ ದಾಟಿಹೋದ ಮೇಲೆ ಅವರೂ ಪೆಟ್ಟಿಗೆ ಮುಚ್ಚಿ ಮೂರು ಲೇಖನ ಬರೆದರು. ವಚನಗಳಲ್ಲಿ ಸಮಾನತೆ, ಕುವೆಂಪು ಮತ್ತು ಪರಿಸರ, ಮೂರನೆಯದು ನೆನಪಿಲ್ಲ, ಅವರಿಗೂ ನೆನಪಿರಲಿಲ್ಲ. ಬಡ್ತಿಯಾಯಿತು, ಎರಡು ವರ್ಷಕ್ಕೆ ನಿವೃತ್ತಿಯಾಯಿತು. ಪೆಟ್ಟಿಗೆಗಳು ವಿಭಾಗದ ಬೀರುವಿನ ಮೇಲಿವೆ. ಒಂದಕ್ಕೆ ಗೆದ್ದಲು ಹಿಡಿದಾಗ ನಾನೇ ಬಿಸಿಲಿಗೆ ಹಾಕಿದ್ದೆ.

ಹಾಗೆಂದು ಅಂಕ ಬರುವ ಮೊದಲಿನ ಕಾಲವನ್ನು ಹೊಗಳಲಾರೆ. ಆಗ ಸಂದರ್ಶನವೇ ಎಲ್ಲ. ಯಾರ ಶಿಷ್ಯ, ಯಾವ ಜಾತಿ, ಯಾವ ಮಠದ ಕಾಗದ ತಂದಿದ್ದಾನೆ ಎಂಬ ಪಿಸುಮಾತು ಪ್ರತಿ ಆಯ್ಕೆಯ ಹಿಂದೆಯೂ ಇರುತ್ತಿತ್ತು, ಎಷ್ಟೋ ಸಲ ನಿಜವೂ ಆಗಿರುತ್ತಿತ್ತು. ಗಾಡ್‌ಫಾದರ್ ಇಲ್ಲದ ನನ್ನಂಥವರಿಗೆ ಕೋಷ್ಟಕ ನ್ಯಾಯದ ಹಾಗೆ ಕಂಡಿತು. ಇಷ್ಟು ಮಾಡಿದರೆ ಇಷ್ಟು ಸಿಗುತ್ತದೆ, ಯಾರ ಮನೆ ಬಾಗಿಲೂ ಕಾಯಬೇಕಿಲ್ಲ. 2010ರಲ್ಲಿ ಅದನ್ನು ಸ್ವಾಗತಿಸಿದವರಲ್ಲಿ ನಾನೂ ಒಬ್ಬ. ಸೇವೆಗೆ ಸೇರಿದ ದಿನದ ಟಿಪ್ಪಣಿಯಲ್ಲೇ ನಿವೃತ್ತಿಯವರೆಗೂ ಪಾಠ ಹೇಳುತ್ತಿದ್ದ ಕೆಲವರು ಅದರ ದೆಸೆಯಿಂದ ಗ್ರಂಥಾಲಯದ ಮೆಟ್ಟಿಲು ಹತ್ತಿದ್ದೂ ಸುಳ್ಳಲ್ಲ.

ಆದ್ದರಿಂದ ಇದು ಅಧಿಕಾರಿಗಳ ದಡ್ಡತನ ಎಂಬ ವಿವರಣೆ ನನಗೆ ಒಪ್ಪಿಗೆಯಿಲ್ಲ. ಸಮಿತಿಯ ಆ ಹಿರಿಯರು ನನ್ನ ಲೇಖನ ಓದಿ ಇದು ಕಳಪೆ ಎಂದಿದ್ದರೆ ಏನಾಗುತ್ತಿತ್ತು? ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದೆ, ನ್ಯಾಯಾಲಯಕ್ಕೆ ಹೋಗುತ್ತಿದ್ದೆ. ‘ಕಳಪೆ’ ಎಂಬುದಕ್ಕೆ ಆಧಾರವೇನು ಎಂದು ವಕೀಲರು ಕೇಳುತ್ತಿದ್ದರು. 53 ಎಂಬುದಕ್ಕೆ ಆಧಾರ ಬೇಕಿಲ್ಲ, ಅದೇ ಆಧಾರ. ಓದಿ ತೀರ್ಪು ಕೊಟ್ಟವನು ಆ ತೀರ್ಪಿನ ಜೊತೆ ಒಂಟಿಯಾಗಿ ನಿಲ್ಲಬೇಕಾಗುತ್ತದೆ. ಎಣಿಸಿದವನ ಬೆನ್ನಿಗೆ ಕೋಷ್ಟಕ ನಿಲ್ಲುತ್ತದೆ. ನಮ್ಮ ವ್ಯವಸ್ಥೆಯಲ್ಲಿ ಯಾರ ಮೇಲೂ ಯಾರಿಗೂ ನಂಬಿಕೆ ಇಲ್ಲದಿದ್ದಾಗ ಹುಟ್ಟಿದ ಕೂಸು ಈ ಅಂಕ. ಅದನ್ನು ಸಾಕಿದವರು ನಾವೆಲ್ಲ.

ಎಪಿಐ ಆ ರೂಪದಲ್ಲಿ ಕೊನೆಯಾದದ್ದು 2018ರ ಜುಲೈನ ನಿಯಮಾವಳಿಯಿಂದ. ಸಂಶೋಧನಾ ಅಂಕ ಎಂಬ ಹೆಸರಿನಲ್ಲಿ ಇನ್ನೊಂದು ಕೋಷ್ಟಕ ಬಂತು. ಭಾಷೆ, ಮಾನವಿಕ ವಿಷಯಗಳ ಲೇಖನಕ್ಕೆ 10, ವಿಜ್ಞಾನದ ಲೇಖನಕ್ಕೆ 8. ಪತ್ರಿಕೆಗಳ ಗುಣಮಟ್ಟ ನೋಡಲೆಂದು ಅದೇ ವರ್ಷದ ಕೊನೆಯಲ್ಲಿ ಘೋಷಣೆಯಾದ ‘ಕೇರ್’ ವ್ಯವಸ್ಥೆಯಡಿ ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿ ಘಟಕ ತೆರೆದು, 2019ರ ಜೂನ್‌ನಲ್ಲಿ ಹೊಸ ಪಟ್ಟಿ ಪ್ರಕಟಿಸಿದರು. ಪಟ್ಟಿಯಲ್ಲಿರುವ ಪತ್ರಿಕೆಗಳ ಹೆಸರನ್ನೇ ಕದ್ದು ನಕಲಿ ಜಾಲತಾಣ ತೆರೆಯುವವರು ಹುಟ್ಟಿಕೊಂಡರು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟ ಯುಜಿಸಿ, ಸಲಹೆಯ ರೂಪದಲ್ಲಿ 36 ಮಾನದಂಡಗಳನ್ನು ಕೊಟ್ಟು, ಪತ್ರಿಕೆಯ ಗುಣಮಟ್ಟವನ್ನು ಸಂಸ್ಥೆಗಳೇ ನಿರ್ಧರಿಸಿಕೊಳ್ಳಲಿ ಎಂದಿತು. ನನಗೆ ನಿಜಕ್ಕೂ ಸಂತೋಷವಾಯಿತು. ಕೊನೆಗೂ ಓದುವ ಜವಾಬ್ದಾರಿ ಓದಬಲ್ಲವರ ಕೈಗೆ ಬಂತು ಎಂದುಕೊಂಡೆ.

ನಮ್ಮಲ್ಲಿ ಅದಕ್ಕೆ ಸಮಿತಿಯಾಯಿತು, ನನ್ನನ್ನೂ ಸೇರಿಸಿದರು. ಮೊದಲ ಸಭೆಯಲ್ಲೇ ಸಂಚಾಲಕರು, ಚುರುಕಾದ ಯುವಕ, 36 ಮಾನದಂಡಗಳನ್ನೂ ಎರಡು ಪುಟದ ನಮೂನೆಗೆ ಇಳಿಸಿ ತಂದಿದ್ದರು. ಎಡಗಡೆ ಮಾನದಂಡ, ಬಲಗಡೆ ‘ಹೌದು’, ‘ಇಲ್ಲ’ ಎಂಬ ಎರಡು ಚೌಕ, ಕೆಳಗೆ ಲಗತ್ತಿಸಿದ ದಾಖಲೆಯ ಪುಟಸಂಖ್ಯೆ. ನಾನು 37ನೆಯದಾಗಿ ಒಂದು ಸಾಲು ಸೇರಿಸೋಣ ಎಂದೆ: ಈ ಲೇಖನವನ್ನು ಸಮಿತಿಯ ಸದಸ್ಯರೊಬ್ಬರು ಪೂರ್ತಿಯಾಗಿ ಓದಿದ್ದಾರೆ. ಯಾರೂ ವಿರೋಧಿಸಲಿಲ್ಲ. ಸಂಚಾಲಕರು ಬರೆದುಕೊಂಡರು. ಆಮೇಲೆ ಪೆನ್ನು ಎತ್ತಿ ಹಿಡಿದು, ಬಹಳ ಗೌರವದಿಂದಲೇ ಕೇಳಿದರು:

“ಸರ್, ಓದಿದ್ದಕ್ಕೆ ದಾಖಲೆ ಅಂತ ಏನನ್ನು ಲಗತ್ತಿಸುವುದು?”